ಪಾವಲಿ ಸಿಸ್ಟರಿಗೆ ಒಪ್ಪಿಸಿದ್ದು

ಮಿಲಾನ್

ಮಿಲಾನಿನ ಸಭಾಂಗಣದಲ್ಲಿ ನನ್ನ ಕುರ್ಚಿಯ ಸಾಲಿಗೆ ಹೋಗುವ ಮೊದಲು ನಾನು ಬಲಮಂಡಿ ಬಗ್ಗಿಸಿದೆ. ವೇದಿಕೆಯ ಮೇಲೆ ಶಿಲುಬೆ ಇರಲಿಲ್ಲ. ದೊಡ್ಡದೊಂದು ಪರದೆ ಇತ್ತು, ಅದರ ಮೇಲೆ ತೊಗರಿ ಗಿಡದ ಬೇರಿನ ಚಿತ್ರ. ಸಾಲಾಗಿ ಜೋಡಿಸಿದ ಆಸನ, ನಡುವೆ ದಾರಿ, ಎದುರಿಗೆ ಬೆಳಕು. ಇಷ್ಟಿದ್ದರೆ ಸಾಕು, ನನ್ನ ಮಂಡಿ ನನ್ನನ್ನು ಕೇಳುವುದಿಲ್ಲ. ಯಾದಗಿರಿಯ ಸಿನಿಮಾ ಟಾಕೀಸಿನಲ್ಲೂ ಒಮ್ಮೆ ಹೀಗಾಗಿ, ಹಿಂದಿದ್ದವರು ನನ್ನನ್ನು ಎಡವಿ ಬಿದ್ದಿದ್ದರು. ಇಲ್ಲಿ ಪಕ್ಕದಲ್ಲಿ ಕೂತಿದ್ದ ಬ್ರೆಜಿಲಿನ ಸಂಶೋಧಕ ನೋಡಿಬಿಟ್ಟ.

"ನೀವೂ ಕಥೋಲಿಕರೇ?" ಎಂದು ಕೇಳಿದ.

"ಬಿಟ್ಟು ಬಹಳ ವರ್ಷವಾಯಿತು."

"ನಾನೂ ಬಿಟ್ಟಿದ್ದೇನೆ. ಮೊನ್ನೆ ವಿಮಾನ ಏಳುವಾಗ ಶಿಲುಬೆ ಗುರುತು ಹಾಕಿಕೊಂಡೆ" ಎಂದ. ಇಬ್ಬರೂ ಬೇರಿನ ಚಿತ್ರ ನೋಡುತ್ತ ನಕ್ಕೆವು.

ನಾನು ಶಹಾಪುರದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಹುಟ್ಟಿದ್ದು ಮುದನಾಳದಲ್ಲಿ, ಓದಿದ್ದು ಯಾದಗಿರಿಯ ಸಿಸ್ಟರುಗಳ ಶಾಲೆಯಲ್ಲಿ. ಕಲಬುರಗಿಯಲ್ಲಿ ಎಂ.ಎಸ್ಸಿ. ಓದುವಾಗ ಒಂದು ಭಾನುವಾರ ಬಲಿಪೂಜೆಗೆ ಹೋಗಲಿಲ್ಲ. ಮುಂದಿನ ಭಾನುವಾರವೂ ಹೋಗಲಿಲ್ಲ. ಈಗ "ಬಿಟ್ಟೆ" ಎಂದು ಹೇಳುವಾಗ ಅದೇನೋ ದೊಡ್ಡ ತೀರ್ಮಾನದ ಹಾಗೆ ಕೇಳಿಸುತ್ತದೆ. ಆ ವರ್ಷದ ದಿನಚರಿ ತೆಗೆದು ನೋಡಿದರೆ ಮೆಸ್ಸಿನ ಸಾರಿನ ಮೇಲೆ ಸಿಟ್ಟಿದೆ, ದೇವರ ಮೇಲೆ ಏನೂ ಇಲ್ಲ. ಸುದ್ದಿ ಊರಿಗೆ ಮುಟ್ಟಿದಾಗ ಪಕ್ಕದ ಮನೆಯ ಖಾಲಾ ಅವ್ವನನ್ನು ಕೇಳಿದ್ದಳಂತೆ, "ಲೂಸಿ ನಿಮ್ ನಮಾಜ್ ಬಿಟ್ಟಾಳಂತ, ಖರೇನು?" ಆ ಮಾತಿಗೆ ಅವ್ವ ಎಷ್ಟೋ ದಿನ ನಕ್ಕಳು. ಅಷ್ಟೇ ದಿನ ಅತ್ತಳು ಕೂಡ.

ಸಮ್ಮೇಳನದ ಎರಡನೆಯ ದಿನ ಅವ್ವನ ಫೋನು ಬಂತು.

"ಪಾವಲಿ ಸಿಸ್ಟರ್ ಅಲ್ಲೇ ಎಲ್ಲೋ ಅದಾರಂತ ಲೂಸಿ. ಫಾದರ್ ಹೇಳಿದ್ರು. ಊಟ ಬಿಟ್ಟಾರಂತ. ಹೋಗಿ ಮಾರಿ ನೋಡಿ ಬಾ."

"ಇಟಲಿ ಅಂದ್ರ ನಮ್ಮ ಬಾಜೂಕಿನ ಬಳಿಚಕ್ರ ಅನ್ಕೊಂಡಿಯೇನವ್ವ, ಅಲ್ಲೇ ಎಲ್ಲೋ ಅನ್ನಾಕ?"

"ಅಲ್ಲಿ ರೈಲಿಲ್ಲೇನು? ನಾ ಕೊಟ್ಟಿದ್ದ ರೊಟ್ಟಿ, ಶೇಂಗಾ ಹಿಂಡಿ ಒಯ್ದು ಕೊಡು. ನೀ ಹ್ಯಾಂಗೂ ತಿಂದಿರಂಗಿಲ್ಲ." ಆಮೇಲೆ ದನಿ ತಗ್ಗಿಸಿದಳು. "ಮತ್ತ ಒಂದು ಮಾತು. ಪೂಜಾಕ ಹೋಗ್ತಿಯೇನು ಅಂತ ಅವ್ರು ಕೇಳೇ ಕೇಳ್ತಾರ. ಹೂಂ ಅನ್ನು. ಮುದುಕಿ ಜೀವಕ್ಕ ತಕಲೀಫ್ ಕೊಡಬ್ಯಾಡ."

"ಸುಳ್ಳ ಹೇಳು ಅಂತಿಯೇನು, ಅದೂ ಸಿಸ್ಟರಿಗೆ?"

"ಹೂಂ ಅನ್ನು ಅಂದೆ. ಸುಳ್ಳ ಹೇಳು ಅಂದಿಲ್ಲ."

ನಾನು ಹೋಗಲು ಒಪ್ಪಿದೆ. ಹೂಂ ಎನ್ನಲು ಮಾತ್ರ ಒಪ್ಪಲಿಲ್ಲ. ಆದರೆ ಇಲ್ಲ ಎಂದು ಹೇಳುವ ಧೈರ್ಯ ನನಗಿದೆಯೇ ಎಂಬುದು ಆಗ ಖಚಿತವಿರಲಿಲ್ಲ.

ಬೆರ್ಗಮೊ ರೈಲು

ಸಿಸ್ಟರ ನಿಜ ಹೆಸರು ಪಾವ್ಲಾ, ಇಟಲಿಯಿಂದ ಬಂದವರು. ಅವರು ಬಂದ ವಾರದಲ್ಲೇ ಯಾದಗಿರಿಯ ಬಾಯಲ್ಲಿ ಅದು ಪಾವಲಿ ಆಯಿತಂತೆ. ಪಾವಲಿ ಅಂದರೆ ನಮ್ಮಲ್ಲಿ ನಾಲ್ಕಾಣೆ. ಆಳು ಕುಳ್ಳಗಿದ್ದುದರಿಂದ ಹೆಸರು ಇನ್ನೂ ಗಟ್ಟಿಯಾಗಿ ಕೂತಿತು. ಅವರಿಗದು ಗೊತ್ತಿತ್ತು. ಸಂತೆಯಲ್ಲಿ ಕಾಯಿಪಲ್ಯದವರು ಚೌಕಾಶಿಗೆ ಬಗ್ಗದಿದ್ದರೆ, "ಪಾವಲಿಗೆ ಕಿಮ್ಮತ್ತಿಲ್ಲೇನು ಈ ಊರಾಗ?" ಎಂದು ತಾವೇ ಕೇಳುತ್ತಿದ್ದರು. ಅವ್ವನಿಗೂ ಕಲಿಸಿದವರು, ನನಗೂ ಕಲಿಸಿದವರು. ವಯಸ್ಸಾದ ಮೇಲೆ ಅವರನ್ನು ಅವರ ಊರಾದ ಬೆರ್ಗಮೊ ಕಡೆಯ ವೃದ್ಧ ಸಿಸ್ಟರುಗಳ ಮನೆಗೆ ಕಳಿಸಿಕೊಟ್ಟರು.

ಶಾಲೆಯ ಅಂಗಳದಲ್ಲಿ ಬೇವಿನ ಮರವಿತ್ತು ಎಂದು ಬರೆಯಲು ಹೊರಟಿದ್ದೆ. ನನ್ನ ತಮ್ಮನ ಪ್ರಕಾರ ಅದು ಹುಣಸೆ. ಆದ್ದರಿಂದ ಮರ ಎಂದಷ್ಟೇ ಬರೆಯುತ್ತೇನೆ. ಆ ಮರದ ಬೇರಿಗೆ ಎಡವಿ ಬಿದ್ದು ನನ್ನ ಮಂಡಿ ಒಡೆಯಿತು. ಪಾವಲಿ ಸಿಸ್ಟರ್ ಅರಿಶಿನ ಹಚ್ಚುತ್ತ, "ಅಳಬ್ಯಾಡ. ದೇವರಿಗೆ ಒಪ್ಪಸಿ ಬಿಡು" ಎಂದರು. ನೋವನ್ನು ಯೇಸುವಿನ ನೋವಿನ ಜೊತೆ ಸೇರಿಸಿ ಅರ್ಪಿಸಿಬಿಡು ಎಂಬ ಅರ್ಥದಲ್ಲಿ. ನನಗೆ ಆಗ ಗೊತ್ತಿದ್ದ ಒಪ್ಪಿಸುವುದು ಒಂದೇ, ಮಗ್ಗಿ ಒಪ್ಪಿಸುವುದು. ಸೀದಾ ಮಾತೆ ಮರಿಯಳ ಪ್ರತಿಮೆಯ ಮುಂದೆ ಹೋಗಿ ಕೈಕಟ್ಟಿ ನಿಂತೆ. "ಬಲಗಡಿ ಮಂಡಿ. ಚರ್ಮ ಸುಲದದ. ಉಸುಕು ಹೊಕ್ಕದ. ಅರಿಶಿಣ ಉರಿಯಾಕತ್ತದ" ಎಂದು ಎಲ್ಲವನ್ನೂ ಬಾಯಿಪಾಠದ ಹಾಗೆ ಹೇಳಿ, ಕೊನೆಗೆ "ಒಪ್ಸೀನಿ" ಎಂದೆ.

ಅಂದಿನಿಂದ ಅದು ನಡೆದಿದೆ. ಜ್ವರ, ಫೇಲಾದದ್ದು, ಅಪ್ಪ ತೀರಿಕೊಂಡದ್ದು, ಎಲ್ಲವನ್ನೂ ಒಪ್ಪಿಸಿದ್ದೇನೆ. ಜಪಸರ ಹೋಯಿತು, ಶುಕ್ರವಾರದ ಒಪ್ಪತ್ತು ಹೋಯಿತು, ಸಂತರ ಪಟಗಳು ಅವ್ವನ ಟ್ರಂಕಿಗೆ ಹೋದವು. ಒಪ್ಪಿಸುವುದು ಮಾತ್ರ ಉಳಿದಿದೆ. ಮಲಗುವ ಮುಂಚೆ ಎಲ್ಲಿ ನೋಯುತ್ತಿದೆಯೆಂದು ಮೈಯಿಂದ ಮನಸ್ಸಿನ ತನಕ ಒಂದೊಂದಾಗಿ ಹೇಳಿಕೊಳ್ಳುತ್ತೇನೆ. ನಾನು ದಿನಚರಿ ಬರೆಯುವುದು ಕೂಡ ಅದೇ ಚಟದ ಇನ್ನೊಂದು ರೂಪವಿರಬಹುದು.

ಮಿಲಾನಿನ ನಿಲ್ದಾಣದಲ್ಲಿ ಇದನ್ನೆಲ್ಲ ಯೋಚಿಸುತ್ತ ಕೂತಿದ್ದರಿಂದಲೇ ಟಿಕೇಟಿಗೆ ಮುದ್ರೆ ಒತ್ತಿಸುವುದು ಮರೆತುಹೋಗಿತ್ತು. ಇಲ್ಲಿ ಟಿಕೇಟು ಕೊಂಡರೆ ಸಾಲದು. ರೈಲು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಗೋಡೆಯ ಮೇಲಿನ ಯಂತ್ರದ ಬಾಯಿಗೆ ಅದನ್ನು ತುರುಕಬೇಕು. ಟಿ.ಸಿ. ನನ್ನ ಟಿಕೇಟು ತಿರುಗಿಸಿ ಮುರುಗಿಸಿ ನೋಡಿ ತಲೆಯಾಡಿಸಿದ. ಎದುರು ಸೀಟಿನ ಅಜ್ಜಿ ಹೆಣಿಗೆ ಮಡಿಲಲ್ಲಿಟ್ಟು ಅವನಿಗೆ ಏನೋ ಅಂದಳು. ಅವಳ ಪಕ್ಕದವನು ಅವಳಿಗೆ ಏನೋ ಅಂದ. ಹಿಂದಿನ ಸೀಟಿನಿಂದ ಇನ್ನೊಬ್ಬಳು ಎದ್ದು ನಿಂತಳು. ಯಾದಗಿರಿ–ಶಹಾಪುರ ಬಸ್ಸಿನಲ್ಲಿ ಚಿಲ್ಲರೆಯ ತಕರಾರು ಬಂದರೆ ಇಡೀ ಬಸ್ಸು ಎರಡು ಪಕ್ಷವಾಗುವ ಹಾಗೆಯೇ. ಕೊನೆಗೆ ಟಿ.ಸಿ. ಸೋತು, ತನ್ನ ಪೆನ್ನಿನಿಂದಲೇ ಟಿಕೇಟಿನ ಮೇಲೆ ಗೀಚಿಕೊಟ್ಟು ಹೋದ. ಅಜ್ಜಿ ನನ್ನ ಕೈ ತಟ್ಟಿ ಹೆಣಿಗೆ ತೆಗೆದುಕೊಂಡಳು. ಒಬ್ಬರ ಒಂದು ಮಾತೂ ನನಗೆ ಅರ್ಥವಾಗಿರಲಿಲ್ಲ, ಆದರೆ ಜಗಳ ಪೂರ್ತಿ ಅರ್ಥವಾಗಿತ್ತು.

ಕಿಟಕಿಯಾಚೆ ಬೆಟ್ಟಗಳು ಶುರುವಾದವು. ಶಹಾಪುರದ ಬೆಟ್ಟದಲ್ಲಿ ನಮಗೆ ದಿನವೂ ಮಲಗಿದ ಬುದ್ಧ ಕಾಣುತ್ತಾನೆ. ಆ ರೂಢಿಯಿಂದ ಇಲ್ಲಿಯೂ ಹಣೆ, ಮೂಗು, ಎದೆ ಹುಡುಕಿದೆ. ಇಲ್ಲಿನ ಬೆಟ್ಟಗಳು ಬರೀ ಬೆಟ್ಟಗಳಾಗಿದ್ದವು.

ಬೆಟ್ಟದ ಮೇಲಿನ ಮನೆ

ಬಾಗಿಲು ತೆರೆದದ್ದು ಕೇರಳದ ಸಿಸ್ಟರ್ ಜಿನ್ಸಿ. ಒಳಗೆ ಹೋಗುತ್ತಿದ್ದಂತೆ ನನ್ನ ಬೆರಳು ಬಾಗಿಲ ಪಕ್ಕದ ಮಂತ್ರಿಸಿದ ನೀರಿನ ಬಟ್ಟಲಿಗೆ ತಾನಾಗಿ ಹೋಯಿತು. ಹೋದ ಬೆರಳನ್ನು ಏನು ಮಾಡುವುದೆಂದು ತಿಳಿಯದೆ ಸೀರೆಗೆ ಒರೆಸಿಕೊಂಡೆ. ಜಿನ್ಸಿ ನೋಡಿಯೂ ನೋಡದ ಹಾಗೆ ಮುಂದೆ ನಡೆದರು.

ಅವರು ಇಂಗ್ಲಿಷಿನಲ್ಲಿ ವಿಷಯ ಹೇಳಿದರು. ಹೋದ ವರ್ಷ ಪಾವಲಿ ಸಿಸ್ಟರಿಗೆ ಸಣ್ಣದಾಗಿ ಲಕ್ವಾ ಹೊಡೆದಿತ್ತು. ಕೈಕಾಲು ಮತ್ತೆ ಬಂದವು, ಇಟಾಲಿಯನ್ ಮಾತು ಬರಲಿಲ್ಲ. ಕೇಳಿದ್ದು ಅರ್ಥವಾಗುತ್ತದೆ, ಉತ್ತರ ಮಾತ್ರ ನಿಮ್ಮ ಭಾಷೆಯಲ್ಲಿ. ಈಗ ವಾರದಿಂದ ಊಟ ಮುಟ್ಟುತ್ತಿಲ್ಲ. ಡಾಕ್ಟರು ಹೊಟ್ಟೆ ನೋಡಿದರು, ಎದೆ ನೋಡಿದರು, ಏನೂ ಸಿಗಲಿಲ್ಲ.

"ದಿನವಿಡೀ ಪ್ರಾರ್ಥನೆ ಮಾಡುತ್ತಾರೆ. ನೋವಿದೆಯಾ ಎಂದು ಕೇಳಿದರೆ ಒಬ್ಬ ಸಂತರ ಹೆಸರು ಹೇಳುತ್ತಾರೆ. ನಾವು ಎಲ್ಲ ಪುಸ್ತಕಗಳಲ್ಲೂ ಹುಡುಕಿದೆವು. ಸಂತ ಒಪ್ಸೀನಿ. ನಿಮ್ಮ ಕಡೆಯವರಾ?"

ನಾನು ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಆ ಹೆಸರು ಅವರ ಬಾಯಲ್ಲಿ ಎಷ್ಟು ಇಟಾಲಿಯನ್ನಾಗಿ ಕೇಳಿಸಿತೆಂದರೆ, ಅದು ಏನೆಂದು ನನಗೂ ಹೊಳೆಯಲಿಲ್ಲ. ಎಲ್ಲೋ ಕೇಳಿದ್ದೇನೆ ಎಂದಷ್ಟೇ ಅನ್ನಿಸಿತು.

"ಒಂದು ಉಪಕಾರ ಮಾಡಿ. ಅವರ ಜೊತೆ ಕೂತು ನಿಮ್ಮ ಭಾಷೆಯಲ್ಲಿ ಪ್ರಾರ್ಥಿಸಿ. ಜೊತೆಗೆ ಒಂದು ದನಿ ಸೇರಿದರೆ ನಾಲ್ಕು ತುತ್ತು ತಿನ್ನಬಹುದು" ಎಂದರು ಜಿನ್ಸಿ.

ಹೂಂ ಅನ್ನು ಎಂದು ಅವ್ವ, ಪ್ರಾರ್ಥಿಸು ಎಂದು ಇವರು. ನಂಬದ ಮಾತನ್ನು ಬಾಯಿಪಾಠದಿಂದ ಹೇಳುವುದು ನನಗೆ ಕಷ್ಟವೇನಲ್ಲ, ಅಷ್ಟೂ ಪ್ರಾರ್ಥನೆಗಳು ನಾಲಗೆಯ ಮೇಲಿವೆ. ಹಸಿದ ಮುದುಕಿಯ ಎದುರು ಅದನ್ನು ನಾಟಕದ ಹಾಗೆ ಹೇಳುವುದೇ ಕಷ್ಟ.

ಕಿಟಕಿಯ ಪಕ್ಕ ಕುರ್ಚಿಯಲ್ಲಿ ಪಾವಲಿ ಸಿಸ್ಟರ್ ಇದ್ದರು, ಈಗ ಇನ್ನೂ ಕುಳ್ಳಗೆ. ಬಿಳಿ ಮುಸುಕು ಕೆನ್ನೆಯ ತನಕ ಬಂದಿತ್ತು. ನನ್ನನ್ನು ನೋಡಿದರು.

"ಯಾರಕಿ?"

"ಲೂಸಿ ಅದೀನ್ರಿ ಸಿಸ್ಟರ್. ಮುದನಾಳದಾಕಿ. ಯಾದಗಿರಿ ಸಾಲಿ."

"ಬಾ ಕೂಡು. ಯಾವಾಗ ಬಂದಿ? ಬಸ್ ಸಿಕ್ತೇನು?" ಎಂದರು, ನಾನು ಈಗಷ್ಟೇ ಸುರಪುರದಿಂದ ಬಂದಿಳಿದ ಹಾಗೆ.

ಚೀಲದಿಂದ ರೊಟ್ಟಿಯ ಗಂಟು ಬಿಚ್ಚಿದೆ. ಒಣಗಿ ಕಟಕಟೆನ್ನುವ ಸಜ್ಜೆರೊಟ್ಟಿ. ಅವರು ಒಂದು ಚೂರು ಮುರಿದು ಮೂಸಿದರು, ಬಾಯಲ್ಲಿಟ್ಟರು, ಕಣ್ಣಲ್ಲಿ ನೀರು ಬಂತು. ಹಿಂದೆ ನಿಂತಿದ್ದ ಜಿನ್ಸಿಯೂ ಕಣ್ಣೊರೆಸಿಕೊಂಡರು. ಊರಿನ ನೆನಪು ಎಂದು ಇಬ್ಬರೂ ತಿಳಿದೆವು. ಸಿಸ್ಟರ್ ಚೂರನ್ನು ಮೆಲ್ಲಗೆ ಉಗುಳಿ ಕರ್ಚೀಫಿನಲ್ಲಿ ಸುತ್ತಿಟ್ಟರು. ಆಮೇಲೆ ಕೈಕಟ್ಟಿ, ಕಣ್ಣು ಮುಚ್ಚಿ, ಸಣ್ಣ ದನಿಯಲ್ಲಿ ಶುರುಮಾಡಿದರು.

ಜಿನ್ಸಿ ತಲೆ ಬಾಗಿಸಿದರು. ನಾನು ಕಿವಿ ಹತ್ತಿರ ಒಯ್ದೆ.

"ಎಡಗಡಿ ಕೆಳಗಿನ ದವಡಿ. ಕಡೀ ಹಲ್ಲು. ಮುಂಜಾನಿಯಿಂದ ಸೆಳ್ಯಾಕತ್ತದ. ಬಿಸಿ ಕುಡದ್ರ ಕಿವಿ ತನಕ ಹೋಗ್ತದ. ತಣ್ಣಂದು ಕುಡದ್ರ ತಲಿ ತನಕ ಹೋಗ್ತದ. ಈಗ ರೊಟ್ಟಿ ಕಡದೆ, ಜೀವಾನೇ ಹೋತು. ನಿನ್ನಿಗಿಂತ ಜಾಸ್ತಿ ಅದ. ಒಪ್ಸೀನಿ."

ಅದು ಪ್ರಾರ್ಥನೆಯಲ್ಲ. ಅಥವಾ, ಈಗ ಬರೆಯುವಾಗ ಅನ್ನಿಸುತ್ತದೆ, ಅದೇ ಪ್ರಾರ್ಥನೆ. ಆದರೆ ಆ ಕ್ಷಣಕ್ಕೆ ನನಗೆ ಗೊತ್ತಾದದ್ದು ಒಂದೇ. ಒಂದು ಮನೆ ತುಂಬ ಇದ್ದ ಭಕ್ತರು ಅವರ ಪ್ರಾರ್ಥನೆ ಕೆಡಿಸಬಾರದೆಂದು ವಾರದಿಂದ ಬಾಗಿಲು ಮೆಲ್ಲಗೆ ಮುಚ್ಚಿಕೊಂಡು ಹೋಗುತ್ತಿದ್ದರು. ಒಳಗೆ ಅವರು ಹಲ್ಲುನೋವು ಹೇಳುತ್ತಿದ್ದರು.

"ಸಂತರಲ್ಲ, ಹಲ್ಲು" ಎಂದೆ ಜಿನ್ಸಿಗೆ. ನನಗೆ ನಗು ಬಂತು. ನಗು ಮುಗಿಯುವ ಹೊತ್ತಿಗೆ ಅದು ಬೇರೇನೋ ಆಗಿ, ಕಿಟಕಿಯ ಕಡೆ ತಿರುಗಿ ನಿಂತೆ.

ಹಲ್ಲಿನ ಡಾಕ್ಟರು

ಡಾಕ್ಟರು ಕೆಳಗಿನ ಊರಲ್ಲಿದ್ದರು. ಅವರ ಮಾತು ಸಿಸ್ಟರಿಗೆ ಅರ್ಥವಾಗುತ್ತಿತ್ತು. ಸಿಸ್ಟರ ಉತ್ತರವನ್ನು ನಾನು ಇಂಗ್ಲಿಷಿಗೆ ತರುತ್ತಿದ್ದೆ, ಜಿನ್ಸಿ ಅದನ್ನು ಇಟಾಲಿಯನ್ನಿಗೆ ಒಯ್ಯುತ್ತಿದ್ದರು. ಮಾತು ಊರೆಲ್ಲ ಸುತ್ತಿ ಬರುವಷ್ಟರಲ್ಲಿ ಡಾಕ್ಟರು ಕನ್ನಡಿ ಹಿಡಿದು ಕಾಯುತ್ತ ನಿಂತಿರುತ್ತಿದ್ದರು. ನೋವು ಹತ್ತರಲ್ಲಿ ಎಷ್ಟು ಎಂದು ಕೇಳಿದರು.

"ಹತ್ತರಾಗ ಎಷ್ಟು ಅಂದ್ರ?" ಸಿಸ್ಟರ್ ನನ್ನನ್ನೇ ದುರುಗುಟ್ಟಿ ನೋಡಿದರು. "ಏಳು ಕೊಡು. ಹತ್ತಕ್ಕ ಹತ್ತು ನಾ ಯಾರಿಗೂ ಕೊಟ್ಟಾಕಿ ಅಲ್ಲ."

ಇದು ನಿಜ. ನನಗೂ ಎಂದೂ ಕೊಟ್ಟಿರಲಿಲ್ಲ.

ಹಲ್ಲಿನ ಬುಡದಲ್ಲಿ ಕೀವಾಗಿತ್ತು. ಅಂದೇ ಕಿತ್ತರು. ಬರುವ ದಾರಿಯಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಅವರ ಕೈ ಹಿಡಿದು ಕೂತಿದ್ದೆ. ಬಾಯಲ್ಲಿ ಹತ್ತಿ ಇದ್ದರೂ ಮಾತು ನಿಲ್ಲಲಿಲ್ಲ.

"ಒಪ್ಸೋದು ನನಗ ಕಲಿಸ್ದಾಕಿ ಒಬ್ಬಾಕಿ ಹುಡುಗಿ ಇದ್ದಳು" ಎಂದರು ಇದ್ದಕ್ಕಿದ್ದಂತೆ. "ಮಂಡಿ ಒಡಕೊಂಡಿದ್ದಳು. ದೇವರಿಗೆ ಒಪ್ಪಸಿ ಬಿಡು ಅಂದ್ರ, ಮಗ್ಗಿ ಹೇಳಿದಂಗ ಹೇಳಿದಳು. ಹೊರಗ ನಿಂತು ಕೇಳೀನಿ. ನಮ್ಮದಕ್ಕಿಂತ ಅದು ಬರೋಬರಿ ಅನಿಸ್ತು. ಅವತ್ತಿಂದ ನಾನೂ ಹಂಗೇ ಮಾಡ್ತೀನಿ."

"ಅದು ನಾನೇ ಅಲ್ಲೇನ್ರಿ ಸಿಸ್ಟರ್!"

"ನೀ ಅಲ್ಲ. ಆಕಿ ಬಳಿಚಕ್ರದಾಕಿ."

ಬಳಿಚಕ್ರ ನನ್ನ ಅವ್ವನ ತವರು. ಮನೆ ಮುಟ್ಟಿದ ಕೂಡಲೇ ಅವಳಿಗೆ ಫೋನು ಮಾಡಿದೆ.

"ನಾನಾ?" ಎಂದಳು ಅವ್ವ. "ನಾ ಯಾಕ ಒಪ್ಪಸ್ಲಿ? ಬಿದ್ರ ಅಳತಿದ್ದೆ, ಎದ್ರ ಆಡತಿದ್ದೆ. ಹಲ್ಲು ಕಿತ್ತಾರಂತೇನು? ಮೆತ್ತಂದು ಮಾಡಿ ಕೊಡು. ಮತ್ತ, ಕೇಳಿದ್ರೇನು?"

"ಇನ್ನೂ ಕೇಳಿಲ್ಲ."

"ಹೂಂ ಅನ್ನು."

ಆ ಮಂಡಿ ಯಾರದ್ದು? ನನ್ನ ಬಲಮಂಡಿಯಲ್ಲಿ ಕಲೆ ಇದೆ, ಆದರೆ ಸೈಕಲ್ ಕಲಿತ ಎಲ್ಲರ ಮಂಡಿಯಲ್ಲೂ ಕಲೆ ಇರುತ್ತದೆ. ಯಾರೋ ಬಳಿಚಕ್ರದ ಹುಡುಗಿಯ ಕಥೆಯನ್ನು ಸಿಸ್ಟರೇ ತರಗತಿಯಲ್ಲಿ ಹೇಳಿ, ಅದನ್ನು ನಾನು ನನ್ನದೆಂದು ಇಟ್ಟುಕೊಂಡಿರಬಹುದು. ಅಥವಾ ಸಿಸ್ಟರೇ ಊರು ತಪ್ಪಿ ಹೇಳುತ್ತಿರಬಹುದು. ನೆನಪಿನ ಮಾತು ಬಂದಾಗ ನಾನು ನನ್ನ ಪರವಾಗಿ ಸಾಕ್ಷಿ ಹೇಳುವುದಿಲ್ಲ.

ಭಾನುವಾರ

ನಾನು ಅಲ್ಲೇ ಉಳಿದುಕೊಂಡೆ. ಭಾನುವಾರ ಬೆಳಿಗ್ಗೆ ಎಲ್ಲರೂ ಕೆಳಗಿನ ಪ್ರಾರ್ಥನಾ ಮಂದಿರಕ್ಕೆ ಇಳಿದರು. ಸಿಸ್ಟರಿಗೆ ಇನ್ನೂ ನಿಶ್ಶಕ್ತಿ. ಅವರಿಗೆ ಉಣಿಸಲು ನಾನಿರುತ್ತೇನೆಂದು ಜಿನ್ಸಿಗೆ ಹೇಳಿದ್ದೆ. ಈ ಕಡೆ ಮೆಕ್ಕೆಜೋಳದ ಹಿಟ್ಟನ್ನು ಗೊಟಾಯಿಸಿ ಒಂದು ಅಡುಗೆ ಮಾಡುತ್ತಾರೆ, ಪೊಲೆಂತಾ ಅಂತ. ನೋಡಲು ಥೇಟ್ ನಮ್ಮ ನುಚ್ಚು, ಬಣ್ಣ ಮಾತ್ರ ಹಳದಿ. ಅದಕ್ಕೆ ಹಾಲು ಹಾಕಿ ಕಲಸಿ, ಮೇಲೆ ಚಿಟಿಕೆ ಶೇಂಗಾ ಹಿಂಡಿ, ಅವ್ವ ಕೊಟ್ಟ ಚಟ್ನಿಪುಡಿ, ಉದುರಿಸಿದೆ. ಸಿಸ್ಟರ್ ಬಲಗಡೆಯಿಂದ ಮೆಲ್ಲುತ್ತ ಅರ್ಧ ಬಟ್ಟಲು ಮುಗಿಸಿದರು. ಚಮಚ ತಾವೇ ಇಸಿದುಕೊಂಡರು.

ಗಂಟೆ ಬಾರಿಸಿತು. ಅಡುಗೆಮನೆಯ ಒಲೆ, ಅಪ್ಪನ ಅಂಗಿಯ ಇಸ್ತ್ರಿ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಜಾರುವ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತ "ನಡೀರಿ, ನಡೀರಿ, ಎರಡನೇ ಗಂಟಿ ಹೊಡೀತದ" ಎನ್ನುವ ಅವ್ವ. ಗಂಟೆ ಯಾವ ದೇಶದ್ದಾದರೇನು, ನನಗೆ ಅದು ಮುದನಾಳದ ಆ ಮುಂಜಾನೆಯಲ್ಲೇ ಬಾರಿಸುತ್ತದೆ.

"ಲೂಸಿ."

"ರೀ ಸಿಸ್ಟರ್."

"ಎಲ್ಲಾರೂ ಪೂಜಾಕ ಹೋಗ್ಯಾರ. ನೀ ಹೋಗಿಲ್ಲ."

"ನಿಮಗ ಉಣಿಸ್ಬೇಕಲ್ರಿ."

"ನನಗ ಕೈ ಅದಾವ. ಶಹಾಪುರದಾಗರೇ ಹೋಗ್ತಿಯೇನು?"

ಅವ್ವ ಕಲಿಸಿಕೊಟ್ಟ ಹೂಂ ತುಟಿಯ ತನಕ ಬಂದಿತ್ತು. ಅವರು ಊಟ ಶುರುಮಾಡಿ ಎರಡೇ ದಿನವಾಗಿತ್ತು. ಇಲ್ಲ ಎಂದರೆ ಆ ಚಮಚ ಕೆಳಗಿಟ್ಟುಬಿಟ್ಟರೆ? ಆದರೆ ತಮ್ಮ ನೋವಿಗೂ ಒಂದು ಅಂಕ ಹೆಚ್ಚು ಕೊಡದ ಮನುಷ್ಯರು ಎದುರಿಗೆ ಕೂತಿದ್ದರು.

"ಇಲ್ರಿ. ಬಿಟ್ಟೀನ್ರಿ."

ಚಮಚ ನಿಂತಿತು. ಅವರು ಬಟ್ಟಲನ್ನೇ ನೋಡುತ್ತಿದ್ದರು. ಮತ್ತೆ ಒಂದು ಚಮಚ ತೆಗೆದುಕೊಂಡು, ಮೆಲ್ಲಿ, ನುಂಗಿದರು.

"ಎಲ್ಲಾ ಬಿಟ್ಟಿಯೇನು?"

"ಎಲ್ಲಾ ಬಿಟ್ಟೀನಿ ಅನ್ಕೊಂಡಿದ್ದೆ. ಒಪ್ಸೋದು ಬಿಡಾಕ ಆಗಿಲ್ರಿ. ಅದಕ್ಕೇ ನಿಮ್ ಹಲ್ಲು ತಿಳೀತು ನನಗ."

"ಯಾರಿಗೆ ಒಪ್ಪಸ್ತಿ?"

"ಗೊತ್ತಿಲ್ರಿ."

"ಗೊತ್ತಿಲ್ಲ ಅನ್ನೋದು ಉತ್ತರ ಏನು?" ದನಿ ತರಗತಿಯದೇ. ಬಟ್ಟಲು ಕಿಟಕಿಯ ಕಟ್ಟೆಯ ಮೇಲಿಟ್ಟು ಬಾಯಿ ಒರೆಸಿಕೊಂಡರು. "ಎದ್ದು ನಿಂದ್ರು. ಇವತ್ತ ನನಗ ಒಪ್ಪಸು."

ನಾಚಿಕೆಯಾಯಿತು. ಆದರೂ ಎದ್ದೆ. ನಲವತ್ತು ದಾಟಿದವಳು, ಕಾಲೇಜಿನಲ್ಲಿ ಪಾಠ ಮಾಡುವವಳು, ಕೈಕಟ್ಟಿ ನಿಂತೆ.

"ಬಲಗಾಲ ಹಿಮ್ಮಡಿಗೆ ಬೂಟು ಕಚ್ಚ್ಯಾದ್ರಿ. ಬೊಬ್ಬಿ ಬಂದದ."

"ಮುಂದ."

"ಕುತ್ತಿಗಿ ಹಿಡಿದದ. ವಿಮಾನದಾಗ ನಿದ್ದಿ ಹತ್ತಲಿಲ್ಲ."

"ಮುಂದ."

ಕೆಳಗೆ ಹಾಡು ಶುರುವಾಯಿತು. ನೆಲದೊಳಗಿಂದ ಬಂದ ಹಾಗೆ, ಪದಗಳಿಲ್ಲದೆ ರಾಗ ಮಾತ್ರ ಕೇಳಿಸುತ್ತಿತ್ತು.

"ಭಾನುವಾರ ಅವ್ವ ಒಬ್ಬಾಕೇ ಚರ್ಚಿಗೆ ಹೋಗ್ತಾಳ್ರಿ" ಎಂದೆ. "ಬೆಂಚಿನ ಮ್ಯಾಲ ಪಕ್ಕದಾಗ ನನಗ ಜಾಗ ಬಿಟ್ಟು ಕೂಡ್ತಾಳಂತ. ಯಾರರೇ ಕೂಡಾಕ ಬಂದ್ರ, ಮಗಳು ಬರ್ತಾಳ ಅಂತಾಳಂತ. ನಾ ಹೋಗಂಗಿಲ್ಲ. ಹೋದ್ರ ಸುಳ್ಳಾಗ್ತದ. ಹೋಗಲಿಲ್ಲಂದ್ರ..."

"ಅದು ಸುದ್ದಿ ಆತು. ಎಲ್ಲಿ ನೋಯ್ತದ ಹೇಳು."

"ಅದೇ ತಿಳಿವಲ್ದ್ರಿ ಸಿಸ್ಟರ್."

"ಹುಡುಕು. ನನಗೇನ್ ಜಲ್ದಿ ಇಲ್ಲ" ಎಂದು ಪಾವಲಿ ಸಿಸ್ಟರ್ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಸರಿಯಾಗಿ ಕೇಳಿಸಲೆಂದು, ಬಲಗಿವಿಯ ಮೇಲಿನ ಮುಸುಕನ್ನು ಬೆರಳಿನಿಂದ ಹಿಂದಕ್ಕೆ ಸರಿಸಿಕೊಂಡರು.